ಹೊಳೆಗೆ ದೋಣಿ ಆರಿಸಿದ ಗೇಜಿನ ಗೌಡ್ರು

ಗೇಜಿನ ಗೌಡ್ರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೊಂದು ದಿನ ತಡವಾಗಿ. ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕಳಸದ ಬಸ್ಸಿನ ಕಂಡಕ್ಟರ್, ಹಳೆಯ ಪರಿಚಯದವನು, "ನಿಮ್ಮ ಗೌಡ್ರು ಹೋಗ್ಬಿಟ್ರಲ್ಲ ಸಾರ್, ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ಅವನು ಸೀಟಿ ಊದಿ ಹತ್ತಿಕೊಂಡು ಹೋದ.

ಮೊದಲು ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಆದದ್ದು ನಿರಾಳ. ಅಬ್ಬ, ಇನ್ನು ಆ ವಿಷಯ ಬಾಯಿಬಿಡುವವರು ಯಾರೂ ಉಳಿದಿಲ್ಲ ಎಂದುಕೊಂಡೆ. ಮರುಗಳಿಗೆಗೆ ನನ್ನ ಮೇಲೆ ನನಗೇ ಹೇಸಿಗೆಯಾಗಿ, ಮನೆಗೆ ತರಕಾರಿ ಒಯ್ಯಬೇಕಾಗಿದ್ದವನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ.

ಕಳಸದ ಕಡೆ ಇವತ್ತಿಗೂ ಗೌಡ್ರ ಸುದ್ದಿ ಎತ್ತಿದರೆ ಜನ ಒಂದು ಮಾತು ಸೇರಿಸುತ್ತಾರೆ: "ಮನುಷ್ಯ ಒಳ್ಳೆಯವ್ರೇ. ಆದ್ರೆ ಅವ್ರು ಆರಿಸಿದ ದೋಣಿ ಮಂಜಯ್ಯನ್ನ ನುಂಗ್ತು." ಆ ಮಾತಿನಲ್ಲಿ ಅರ್ಧ ನಿಜವಿದೆ. ಇನ್ನರ್ಧವನ್ನು ನಾನು ಹದಿನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಉಂಡು, ತೇಗಿ, ಎರಡು ಬಡ್ತಿ ಪಡೆದು, ಮನೆ ಕಟ್ಟಿಸಿಕೊಂಡು ಇದ್ದೇನೆ. ಅದನ್ನು ಈಗಲಾದರೂ ಹೇಳಬೇಕು. ಆದರೆ ಅದಕ್ಕೆ ಮೊದಲು ಆ ಮನುಷ್ಯ ಎಂಥವರು ಅನ್ನುವುದು ಗೊತ್ತಾಗಬೇಕಲ್ಲ.

ಗೌಡ್ರು ಸರ್ಕಾರಿ ಗೇಜ್ ರೀಡರ್. ಕಳಸದಿಂದ ಸ್ವಲ್ಪ ಕೆಳಗೆ, ಭದ್ರಾ ಹೊಳೆಯ ದಂಡೆಯಲ್ಲಿ ಬಿಳಿ ಬಣ್ಣ ಬಳಿದು ಕಪ್ಪು ಗೆರೆ ಎಳೆದ ಕಂಬಗಳಿದ್ದವು. ನೀರು ಯಾವ ಗೆರೆಯವರೆಗೆ ಬಂದಿದೆ ಎಂದು ದಿನಕ್ಕೆ ಎರಡು ಸಲ, ಮಳೆಗಾಲದಲ್ಲಿ ಗಂಟೆಗೊಂದು ಸಲ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ವಾರಕ್ಕೊಮ್ಮೆ ಮರದ ದೋಣಿಯಲ್ಲಿ ಹೊಳೆಯ ನಡುವಿಗೆ ಹೋಗಿ ಯಂತ್ರ ಇಳಿಬಿಟ್ಟು ನೀರಿನ ಓಟ ಅಳೆಯಬೇಕಿತ್ತು. ಆ ಪುಸ್ತಕ ನಮ್ಮ ಕಳಸದ ಆಫೀಸಿಗೆ ಬರುತ್ತಿತ್ತು. ನಾನು ಅಲ್ಲಿ ಗುಮಾಸ್ತ. ತೊಂಬತ್ತರ ದಶಕದ ಮೊದಲಿಗೆ ಕೆಲಸ ಸಿಕ್ಕಿ ಬಂದವನು, ಕಡೂರು ಕಡೆಯವನು. ನಮ್ಮ ಕಡೆ ನೀರು ಅಂದರೆ ಕೊಡದಲ್ಲಿ ಇರುವುದು. ಹರಿಯುವ ನೀರು ಕಂಡರೆ ನನಗೆ ಆಗಲೂ ಹೆದರಿಕೆ, ಈಗಲೂ ಹೆದರಿಕೆ.

ಗೌಡ್ರು ಕುಳ್ಳಗೆ, ಕಪ್ಪಗೆ, ಎದೆ ಅಗಲವಾದ ಆಸಾಮಿ. ಖಾಕಿ ಚಡ್ಡಿ, ಅದರ ಮೇಲೆ ಮದುವೆ ಮನೆಗೆ ಹೋಗುವವರ ಹಾಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ. "ಕೆಳಗಡೆದು ಹೊಳೆಗೆ, ಮೇಲ್ಗಡೆದು ಸರ್ಕಾರಕ್ಕೆ" ಅನ್ನುತ್ತಿದ್ದರು. ನಸ್ಯ ಏರಿಸದೆ ಮಾತು ಶುರುವಾಗುತ್ತಿರಲಿಲ್ಲ. ಏರಿಸಿದ ಮೇಲೆ ಬರುವ ಮಾತು ನಯವಾಗಿಯೂ ಇರುತ್ತಿರಲಿಲ್ಲ. ಒಂದು ಸಲ ದೊಡ್ಡ ಎಸ್ಟೇಟಿನ ಸಾಹುಕಾರರೊಬ್ಬರು ಜೀಪ್ ನಿಲ್ಲಿಸಿ, "ಏನ್ ಗೌಡ್ರೇ, ಈ ಸಲ ನೀರು ಸೇತುವೆ ಮೇಲೆ ಬರತ್ತಾ?" ಎಂದು ಕೇಳಿದರು. ಗೌಡ್ರು ಮೂಗು ಒರೆಸಿಕೊಂಡು, "ಹೊಳೆ ನನ್ನ ಹೆಂಡ್ತಿ ಅಲ್ಲ ಮಾರಾಯ್ರೇ, ಹೇಳಿ ಹೊರಡೋಕೆ" ಎಂದರು. ಆ ಸಾಹುಕಾರರು ಮತ್ತೆ ಜೀಪ್ ನಿಲ್ಲಿಸಿದ್ದನ್ನು ನಾನು ಕಾಣೆ.

ಬೇರೆ ಕಡೆಯ ಗೇಜ್ ರೀಡರುಗಳು ಮಳೆ ಹೆಚ್ಚಾದರೆ ಮನೆಯಲ್ಲೇ ಕೂತು ಅಂದಾಜಿನ ಮೇಲೆ ಅಂಕಿ ತುಂಬುತ್ತಿದ್ದರು. ಅದು ಎಲ್ಲರಿಗೂ ಗೊತ್ತು. ಗೌಡ್ರ ಪುಸ್ತಕದಲ್ಲಿ ಒಂದು ವರ್ಷ ಪುನರ್ವಸು ಮಳೆಯ ಒಂದು ಇಡೀ ದಿನದ ಜಾಗ ಖಾಲಿ ಬಂತು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ "ಕಂಬ ಕಾಣಲಿಲ್ಲ" ಎಂದು ಬರೆದಿದ್ದರು. ನಮ್ಮ ಸಾಹೇಬರು, ಅಂದರೆ ಆಫೀಸಿನ ಇಂಜಿನಿಯರು, ಕರೆಸಿ, "ಏನೋ ಒಂದು ಅಂಕಿ ಹಾಕ್ರಿ, ಹಿಂದಿನ ದಿನದ್ದು ನೋಡಿ" ಎಂದರು. ಗೌಡ್ರು ಪೆನ್ನು ಮುಟ್ಟಲಿಲ್ಲ.

"ನೋಡಿದ್ರೆ ಬರೀತಿದ್ದೆ ಸಾರ್. ನೋಡದ್ದು ಎಂತಕ್ಕೆ ಬರೀಲಿ?"

"ಎಲ್ರೂ ಬರೀತಾರಲ್ರೀ."

"ಅವ್ರ ಕಣ್ಣು ದೊಡ್ಡದಿರ್ಬೇಕು."

ಆ ದಿನದ ಜಾಗ ಇವತ್ತಿಗೂ ಖಾಲಿ ಇದೆ. ಆ ಕಡತವನ್ನು ನಾನೇ ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಗೌಡ್ರ ಜೊತೆಗೆ ಮಂಜಯ್ಯ ಇರುತ್ತಿದ್ದ. ದೋಣಿ, ಕಂಬದ ಕೆಲಸಕ್ಕೆ ಇಲಾಖೆಯ ಖಲಾಸಿ. ಕಳಸದ ಹತ್ತಿರದ ಸಂಸೆಯವನು. ಇಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು, ಇಪ್ಪತ್ತು ವರ್ಷ ಒಂದೇ ದೋಣಿಯಲ್ಲಿ ಜಗಳವಾಡಿದವರು. ಒಬ್ಬರ ನಸ್ಯಕ್ಕೆ ಇನ್ನೊಬ್ಬರ ಬೀಡಿ ಆಗುತ್ತಿರಲಿಲ್ಲ. "ಇವ್ರು ಸೀನಿದ್ರೆ ನೀರು ಎರಡಿಂಚು ಏರತ್ತೆ, ಅದನ್ನೂ ಬರ್ಕೊಳ್ಳಿ" ಎಂದು ಮಂಜಯ್ಯ ನನಗೆ ಹೇಳುತ್ತಿದ್ದ. ಗೌಡ್ರು ಅವನನ್ನು ಬೈಯದ ದಿನ ಅವನಿಗೆ ಹುಷಾರಿಲ್ಲ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. ಗೌಡ್ರ ಮನೆಯ ಹಬ್ಬಕ್ಕೆ ಮಂಜಯ್ಯನ ಹೆಂಡತಿ ಬಂದು ಕಡುಬು ಬೇಯಿಸುತ್ತಿದ್ದಳು, ಆಕೆಯ ಬಾಣಂತನಕ್ಕೆ ಗೌಡ್ರ ಹೆಂಡತಿ ಹೋಗಿದ್ದರು. ಅಷ್ಟು ಬಳಕೆ.

ಹೀಗಿರುವಾಗ ಒಂದು ವರ್ಷ ಮೇಲಿನಿಂದ ಆರ್ಡರ್ ಬಂತು. ಕಳಸದಿಂದ ಬಾಳೆಹೊನ್ನೂರಿನವರೆಗೆ ಹೊಳೆಯ ಉದ್ದಕ್ಕೂ ಹೋಗಿ, ಅಲ್ಲಲ್ಲಿ ಆಳ, ಅಗಲ, ಓಟ ಅಳೆದುಕೊಂಡು ಬರಬೇಕು. ಐದು ದಿನದ ದಾರಿ. ಎಷ್ಟೋ ಕಡೆ ದಂಡೆಗೆ ಜೀಪ್ ಬರುವುದಿಲ್ಲ. ಆದ್ದರಿಂದ ಯಂತ್ರ, ಪುಸ್ತಕ, ಟಾರ್ಪಾಲು, ಅಕ್ಕಿ, ಪಾತ್ರೆ ಎಲ್ಲ ದೋಣಿಯಲ್ಲೇ ಹೋಗಬೇಕು. ಇಬ್ಬರು ಹೋಗುವುದೆಂದು ತೀರ್ಮಾನವಾಯಿತು: ಹುಟ್ಟು ಹಾಕಲು ಗೌಡ್ರು, ಪುಸ್ತಕ ಬರೆಯಲು ನಾನು. ಮಂಜಯ್ಯ ಇಲ್ಲೇ ಉಳಿದು ಕಂಬ ನೋಡಿಕೊಳ್ಳುವುದು.

ನಮ್ಮ ಮರದ ದೋಣಿ ಈ ಕೆಲಸಕ್ಕೆ ಆಗುತ್ತಿರಲಿಲ್ಲ. ಬಂಡೆಗಳ ನಡುವೆ ನೀರು ಧುಮುಕುವ ಜಾಗಗಳಿಗೆ ಗೌಡ್ರು ಮೆಟ್ಟಿಲು ಅನ್ನುತ್ತಿದ್ದರು. ಅಂಥ ಮೆಟ್ಟಿಲು ದಾರಿಯಲ್ಲಿ ಹದಿನೇಳು ಇವೆ ಎಂದು ಅವರ ಲೆಕ್ಕ. ಕೆಲವನ್ನು ದೋಣಿಯಲ್ಲೇ ಇಳಿಯಬಹುದು, ಕೆಲವು ಕಡೆ ದೋಣಿಯನ್ನು ತಲೆಮೇಲೆ ಹೊತ್ತು ದಂಡೆಯಲ್ಲಿ ನಡೆಯಬೇಕು. ಮರದ ದೋಣಿ ಹೊರಲು ಎಂಟಾಳು ಬೇಕು. ಹಾಗಾಗಿ ಹಗುರದ ದೋಣಿ ತರಿಸಬೇಕೆಂದಾಯಿತು. ಕೆನೂ ಎಂದು ಅದರ ಹೆಸರು. ಬೆಂಗಳೂರಿನಿಂದ ಎರಡು ಕೆನೂ ಲಾರಿಯಲ್ಲಿ ಬರುತ್ತವೆ, ಪರೀಕ್ಷೆ ಮಾಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು.

ಪರೀಕ್ಷೆ ನಡೆದದ್ದು ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನ ಕೆರೆಯಲ್ಲಿ. ಹೊಳೆಯಲ್ಲಲ್ಲ, ಕೆರೆಯಲ್ಲಿ. ಎಸ್ಟೇಟಿನ ಯಜಮಾನರು ಸಾಹೇಬರ ಸ್ನೇಹಿತರು, ಮಧ್ಯಾಹ್ನದ ಊಟ ಅಲ್ಲೇ ಏರ್ಪಾಟಾಗಿತ್ತು. "ಹೊಳೆ ದೋಣಿಗೆ ಕೆರೇಲಿ ಎಂತ ಪರೀಕ್ಷೆ ಮಾರಾಯ" ಎಂದು ಗೌಡ್ರು ಲಾರಿಯ ಹಿಂದೆ ನನ್ನ ಹತ್ತಿರ ಗೊಣಗಿದರು. ನಾನು ಊಟಕ್ಕೆ ಕೋಳಿ ಸಾರು ಇದೆಯಂತೆ ಎಂದೆ. ನನ್ನ ಯೋಗ್ಯತೆ ಅಷ್ಟು.

ಎರಡು ದೋಣಿಗಳನ್ನೂ ಇಳಿಸಿದರು. ಒಂದು ಉದ್ದ, ನೀಲಿ ಬಣ್ಣದ್ದು, ತಳ ಚಪ್ಪಟೆ, ತಳದ ಉದ್ದಕ್ಕೂ ನಡುವೆ ಗೆರೆಯಂತೆ ಹೊರಕ್ಕೆ ಉಬ್ಬಿದ ಒಂದು ಏಣು. ಇನ್ನೊಂದು ಮೋಟು, ಹಸಿರು, ತಳ ದುಂಡಗೆ, ಎರಡೂ ತುದಿ ಮೇಲಕ್ಕೆ ಬಾಗಿತ್ತು, ಅಂಚು ಎತ್ತರ. ಮಂಜಯ್ಯ ನೋಡಿದ ಕೂಡಲೇ ಚಪ್ಪಟೆಯದಕ್ಕೆ ಮಂಚ ಎಂದೂ ದುಂಡನೆಯದಕ್ಕೆ ತೊಟ್ಟಿಲು ಎಂದೂ ಹೆಸರಿಟ್ಟ. ಸಾಹೇಬರೂ ನಕ್ಕು ಅದನ್ನೇ ಹೇಳತೊಡಗಿದರು.

ನಾವೆಲ್ಲ ದೋಣಿಯ ಒಳಗೆ ಇಣುಕುತ್ತಿದ್ದರೆ ಗೌಡ್ರು ಎರಡನ್ನೂ ಬೋರಲು ಹಾಕಿಸಿದರು. "ಹೆಣ್ಣು ನೋಡೋಕೆ ಹೋದ್ರೆ ಮುಖ ನೋಡಿ. ದೋಣಿ ನೋಡೋಕೆ ಬಂದ್ರೆ ಹೊಟ್ಟೆ ನೋಡ್ಬೇಕು." ಹಲಸಿನಹಣ್ಣು ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಬಡಿಯುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ನೀಲಿಯದನ್ನು ಬಡಿದಾಗ ಗಟ್ಟಿ ಶಬ್ದ ಬಂತು. ಹಸಿರಿನದನ್ನು ಮೊಣಕಾಲಿನಿಂದ ಒತ್ತಿದರು, ತಳ ಒಳಗೆ ಹೋಗಿ ಮತ್ತೆ ಹೊರಗೆ ಬಂತು. "ಇದು ಬಂಡೆಗೆ ಬಡಿದ್ರೆ ಬಗ್ಗತ್ತೆ. ಅದು ಬಡಿದ್ರೆ ಒಡೀತದೆ." ಆಮೇಲೆ ಒಂದೊಂದನ್ನೇ ತಲೆಮೇಲೆ ಹೊತ್ತು, ಕೆರೆಯ ಏರಿ ಹತ್ತಿ ಕಾಫಿ ತೋಟದ ಇಳಿಜಾರಿನಲ್ಲಿ ಇಳಿದು ಬಂದರು.

ಭಾರದ ಪರೀಕ್ಷೆಗೆ ಎಸ್ಟೇಟಿನ ಮೇಸ್ತ್ರಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜದ ಮೂಟೆಗಳನ್ನು ತರಿಸಿದ. ಗೌಡ್ರು ಬೇಡವೆಂದರು. ಖಾಲಿ ಚೀಲಕ್ಕೆ ಕೆರೆಯ ಒದ್ದೆ ಮರಳು ತುಂಬಿಸಿ, "ಮೂರನೇ ದಿನಕ್ಕೆ ಹಾಸಿಗೆ, ಬಟ್ಟೆ, ಟಾರ್ಪಾಲು ಎಲ್ಲ ನೆನೆದು ಇಷ್ಟು ಭಾರ ಆಗತ್ತೆ. ಮೊದಲನೇ ದಿನದ ಭಾರ ಯಾರಿಗೆ ಬೇಕು?" ಎಂದರು. ಕೊನೆಗೆ ದೋಣಿಗಳಿಗೆ ಬಕೆಟ್ಟಿನಿಂದ ನೀರು ತುಂಬಿಸಿ, ತುಂಬಿದ ಮೇಲೂ ತೇಲುತ್ತವೆಯೇ ಎಂದು ನೋಡಿದರು. ಎರಡು ಗಂಟೆ ಹಿಡಿಯಿತು. ಸಾಹೇಬರಿಗೆ ಹಸಿವಾಗಿತ್ತು.

"ಸಾರ್, ತೊಟ್ಟಿಲೇ ಆಗ್ಬೇಕು" ಎಂದರು ಗೌಡ್ರು.

"ಏನ್ರೀ ಅದು, ಮುಟ್ಟಿದ್ರೆ ಅಲ್ಲಾಡತ್ತೆ!"

"ಅಲ್ಲಾಡತ್ತೆ ಸಾರ್, ಆದ್ರೆ ಮಗುಚಲ್ಲ. ಮಂಚ ನಿಂತ ನೀರಲ್ಲಿ ಗಟ್ಟಿ. ನೀರು ಓರೆಯಾದ್ರೆ ಅದೂ ನೀರಿನ ಜೊತೆಗೇ ಓರೆಯಾಗತ್ತೆ. ಆ ಏಣು ಇರೋದು ನೇರ ಹೋಗೋಕೆ. ಹೊಳೇಲಿ ನೇರ ಹೋಗೋಕೆ ಆಗತ್ತಾ? ಬಂಡೆ ಕಂಡ್ರೆ ಪಕ್ಕಕ್ಕೆ ಜಾರ್ಬೇಕು. ಏಣು ಜಾರೋಕೆ ಬಿಡಲ್ಲ."

ಸಾಹೇಬರು ಏನು ಮಾಡಿದರು ಗೊತ್ತೇ? ಬೂಟು ಹಾಕಿಕೊಂಡೇ ಮಂಚದಲ್ಲಿ ಎದ್ದು ನಿಂತು, ಕೈಯಲ್ಲಿ ಕಾಫಿ ಲೋಟ ಹಿಡಿದು, ಮಂಜಯ್ಯನಿಂದ ಕೆರೆಯ ಒಂದು ಸುತ್ತು ಹಾಕಿಸಿಕೊಂಡು ಬಂದರು. ಒಂದು ತೊಟ್ಟೂ ಚೆಲ್ಲಲಿಲ್ಲ. ದಂಡೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಗೌಡ್ರು ನಸ್ಯದ ಡಬ್ಬಿ ತೆಗೆದು, ಹಾಗೇ ಮುಚ್ಚಿ ಜೇಬಿಗೆ ಹಾಕಿದರು.

ಆದರೂ ಸಾಹೇಬರು ಹಟದ ಮನುಷ್ಯರಲ್ಲ. "ಕೂರೋನು ಇವನು. ಇವನನ್ನೇ ಕೇಳೋಣ" ಎಂದು ನನ್ನ ಕಡೆ ಕೈ ಮಾಡಿದರು. ನಾನು ಮಂಚದಲ್ಲಿ ಕೂತೆ. ಮನೆಯ ಜಗಲಿಯಲ್ಲಿ ಕೂತ ಹಾಗಿತ್ತು. ಆಮೇಲೆ ತೊಟ್ಟಿಲಿಗೆ ಕಾಲಿಟ್ಟೆ. ಅದು ಎಡಕ್ಕೆ ವಾಲಿತು. ನಾನು ಬಲಕ್ಕೆ ಹಾರಿ ಅಂಚು ಹಿಡಿದು, ಅಯ್ಯೋ ಎಂದು ಕಿರುಚಿ, ಹೊಸ ಗಡಿಯಾರದ ಸಮೇತ ಸೊಂಟದಷ್ಟು ನೀರಿಗೆ ಬಿದ್ದೆ. ಎಸ್ಟೇಟಿನ ಹೆಣ್ಣಾಳುಗಳು ಸೆರಗು ಬಾಯಿಗೆ ಹಿಡಿದು ನಕ್ಕರು.

"ಅದು ಬೀಳಿಸಿದ್ದಲ್ಲ ಮಾರಾಯ, ನೀ ಬಿದ್ದದ್ದು" ಎಂದು ಗೌಡ್ರು ಕೈ ಕೊಟ್ಟು ಎತ್ತಿದರು. "ಹತ್ತು ನಿಮಿಷ ಕೂತ್ಕೋ, ಅಭ್ಯಾಸ ಆಗತ್ತೆ."

ಹತ್ತು ನಿಮಿಷ. ನಾನು ಕೂರಲಿಲ್ಲ. ಅವಮಾನ, ಭಯ, ಒದ್ದೆ ಪ್ಯಾಂಟು ಎಲ್ಲ ಸೇರಿ ಸಾಹೇಬರಿಗೆ ಕೇಳುವ ಹಾಗೆ ಹೇಳಿದೆ: "ಆ ದೋಣಿ ಆದ್ರೆ ನಾನು ಬರಲ್ಲ ಸಾರ್. ಬೇಕಾದ್ರೆ ಬರೆದು ಕೊಡ್ತೀನಿ."

ಗೌಡ್ರು ನನ್ನ ಕಡೆ ತಿರುಗಿದರು. ನನಗೆ ಆಗ ಮದುವೆಯಾಗಿ ನಾಲ್ಕು ತಿಂಗಳು. ಅದು ಅವರ ತಲೆಗೆ ಬಂತೋ, ಬರೆಯುವವನಿಲ್ಲದೆ ಸರ್ವೇ ನಿಂತರೆ ಎಂಬ ಯೋಚನೆ ಬಂತೋ, ನನಗೆ ಗೊತ್ತಿಲ್ಲ. "ಆಯ್ತು ಬಿಡಿ. ಮಂಚವೇ ಇರ್ಲಿ. ನಾ ನೋಡ್ಕೊಳ್ತೀನಿ" ಎಂದರು. ಆಯ್ಕೆಯ ಕಾಗದಕ್ಕೆ ಅವರೇ ರುಜು ಹಾಕಿದರು, ಹಾಕಬೇಕಾದವರು ಅವರೇ ಆಗಿದ್ದರು. ತೊಟ್ಟಿಲು ಅದೇ ಲಾರಿಯಲ್ಲಿ ಬೆಂಗಳೂರಿಗೆ ವಾಪಸ್ ಹೋಯಿತು. ನಾನು ಎರಡು ಸಲ ಕೋಳಿ ಸಾರು ಹಾಕಿಸಿಕೊಂಡೆ.

ಇಷ್ಟಾದರೂ ನಾನು ಹೋದೆನೇ? ಚಿತ್ತೆ ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಹೊರಡುವುದೆಂದಾಯಿತು. ಹಿಂದಿನ ದಿನ ತೂಗುಸೇತುವೆಯ ಮೇಲೆ ನಿಂತು ಹೊಳೆ ನೋಡಿದೆ. ಕೆಂಪು ನೀರು ಬಂಡೆಗಳನ್ನು ಸುತ್ತಿಕೊಂಡು ಹೋಗುತ್ತಿತ್ತು. ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗಿ, ಜ್ವರ ಎಂದು ಸುಳ್ಳು ಹೇಳಿ, ಚೀಟಿ ಬರೆಸಿಕೊಂಡೆ. ಹೆಂಡತಿಗೂ ಜ್ವರ ಎಂದೇ ಹೇಳಿದೆ. ಅವಳು ಪಾಪ ಗಂಜಿ ಮಾಡಿಕೊಟ್ಟಳು.

ನನ್ನ ಜಾಗಕ್ಕೆ ಮಂಜಯ್ಯ ಹೋದ. ಏಳನೇ ಕ್ಲಾಸು ಓದಿದವನು, ಅಂಕಿ ಬರೆಯಲು ಬರುತ್ತಿತ್ತು. ಹೊರಡುವಾಗ ನಮ್ಮ ಮನೆ ಬಾಗಿಲಿಗೆ ಬಂದು, "ಗುಮಾಸ್ತ್ರೇ, ನೀವು ಮಲಗಿ. ನಿಮ್ಮ ಮಂಚದ ಮೇಲೆ ನಾ ಮಲಗ್ಕೊಂಡು ಹೋಗ್ತೀನಿ" ಎಂದು ನಕ್ಕು, ಬರೆಯುವ ಪುಸ್ತಕ ಇಸಿದುಕೊಂಡು ಹೋದ. ನಾನು ಕಂಬಳಿಯ ಒಳಗಿಂದ ಹೂಂ ಎಂದೆ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ, ಒಂಬತ್ತನೆಯ ಮೆಟ್ಟಿಲಿನಲ್ಲಿ, ಗೌಡ್ರು ಹೇಳಿದ ಹಾಗೆಯೇ ಆಯಿತು. ಬಂಡೆ ಕಂಡು ಪಕ್ಕಕ್ಕೆ ಎಳೆದರು, ಏಣು ಜಾರಲು ಬಿಡಲಿಲ್ಲ. ದೋಣಿ ಬಂಡೆಗೆ ಅಡ್ಡ ಬಿತ್ತು, ನೀರು ಬರುವ ಕಡೆಯ ಅಂಚು ಮುಳುಗಿತು, ನೀರು ತುಂಬಿ ದೋಣಿ ನಡುವಿಗೆ ಮುರಿದು ಬಂಡೆಯನ್ನು ಅಪ್ಪಿಕೊಂಡಿತು. ಮುಂದೆ ಕೂತಿದ್ದ ಮಂಜಯ್ಯನ ಕಾಲು ದೋಣಿಗೂ ಬಂಡೆಗೂ ನಡುವೆ ಸಿಕ್ಕಿಬಿತ್ತು. ಎಂಥಾ ಈಜುಗಾರ ಅವನು! ಗೌಡ್ರು ಬಂಡೆಯ ಮೇಲೆ ಹತ್ತಿ ಅವನ ಕೈ ಹಿಡಿದುಕೊಂಡು ಕೂಗಿದರು. ದಂಡೆಯ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಹಗ್ಗ ತರುವಷ್ಟರಲ್ಲಿ, ಮೇಲೆಲ್ಲೋ ಬಿದ್ದ ಮಳೆಯ ನೀರು ಬಂತು. ಕುತ್ತಿಗೆಯವರೆಗಿದ್ದ ನೀರು ಗಲ್ಲಕ್ಕೆ ಬಂತು. ಆಮೇಲೆ ಅದಕ್ಕೂ ಮೇಲೆ.

ಇದೆಲ್ಲ ನನಗೆ ಗೊತ್ತಾದದ್ದು ಹೇಗೆ ಎಂದರೆ, ವಿಚಾರಣೆಗೆ ಗೌಡ್ರ ಹೇಳಿಕೆಯನ್ನು ಟೈಪು ಮಾಡಿದವನು ನಾನೇ. ಬೇರೆ ಟೈಪಿಸ್ಟ್ ಇರಲಿಲ್ಲ. ಅವರು ಎದುರಿಗೆ ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದರು. ಅವತ್ತು ಇಸ್ತ್ರಿ ಅಂಗಿ ಇರಲಿಲ್ಲ. ಬಲಗೈಯ ಬೆರಳುಗಳು ಊದಿಕೊಂಡಿದ್ದವು.

"ಕೈ ಹಿಡ್ಕೊಂಡಿದ್ದೆ ಅಂತ ಬರಿ."

ಹೊಡೆದೆ. ಫಾರಂನಲ್ಲಿ ಸಮಯದ ಕಾಲಂ ಇತ್ತು. "ಎಷ್ಟು ಹೊತ್ತು, ಗೌಡ್ರೇ?" ಎಂದು ಕೇಳಿದೆ.

"ಅದನ್ನ ಬರೀಬೇಡ."

ಮುಂದಿನ ಪ್ರಶ್ನೆ, ದೋಣಿ ಆರಿಸಿದವರು ಯಾರು, ಯಾವ ಕಾರಣಕ್ಕೆ. ನನ್ನ ಬೆರಳು ಕೀಲಿಗಳ ಮೇಲೆ ನಿಂತವು. ಗೌಡ್ರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಎರಡು ದೋಣಿಗಳನ್ನೂ ಪರೀಕ್ಷಿಸಿ, ಇದೇ ಯೋಗ್ಯವೆಂದು ನಾನೇ ನಿರ್ಧರಿಸಿದೆ. ಬೇರೆ ಯಾರ ಒತ್ತಾಯವೂ ಇರಲಿಲ್ಲ. ಗುಮಾಸ್ತರಿಗೆ ಜ್ವರ ಇದ್ದುದರಿಂದ ಬರಬೇಡವೆಂದು ನಾನೇ ಹೇಳಿದೆ."

ನೋಡದ ಅಂಕಿಯೊಂದನ್ನೂ ಬರೆಯದ ಮನುಷ್ಯ ನನ್ನ ಎದುರು ಕೂತು ಒಂದರ ಮೇಲೊಂದು ಸುಳ್ಳು ಬರೆಸುತ್ತಿದ್ದರು. ಬೇಡ ಗೌಡ್ರೇ, ನಿಜ ಬರೆಯೋಣ ಎನ್ನಬೇಕಿತ್ತು. ನಾನು ರೋಲರಿನ ಕಾಗದ ನೇರ ಮಾಡಿದೆ.

"ಹೊಡಿ ಮಾರಾಯ" ಎಂದರು.

ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ. ಸಾಹೇಬರು ಓದಿ ಕಡತಕ್ಕೆ ಸೇರಿಸಿದರು. ಅವರಿಗೂ ಅದೇ ಅನುಕೂಲವಾಗಿತ್ತು.

ಗೌಡ್ರನ್ನು ಹೊಳೆಯಿಂದ ತೆಗೆದು ಮೂಡಿಗೆರೆಯ ಇಲಾಖೆ ಸ್ಟೋರಿಗೆ ವಾಚ್‌ಮನ್ ಮಾಡಿದರು. ನಾನು ಅರ್ಜಿ ಹಾಕಿಕೊಂಡು ಚಿಕ್ಕಮಗಳೂರಿಗೆ ವರ್ಗವಾಗಿ ಬಂದೆ. ನಾಲ್ಕು ವರ್ಷದ ಮೇಲೆ ಆಫೀಸಿನ ಕೆಲಸಕ್ಕೆ ಆ ಸ್ಟೋರಿಗೆ ಹೋಗಬೇಕಾಯಿತು. ತುಕ್ಕು ಹಿಡಿದ ಪಂಪು, ಪೈಪುಗಳ ನಡುವೆ ಅಂಗಳದಲ್ಲಿ ಆ ನೀಲಿ ದೋಣಿ ಎರಡು ತುಂಡಾಗಿ ಬಿದ್ದಿತ್ತು. ವಿಚಾರಣೆಯ ಸಾಕ್ಷಿಯೆಂದು ತಂದು ಹಾಕಿದ್ದನ್ನು ಯಾರೂ ವಿಲೇವಾರಿ ಮಾಡಿರಲಿಲ್ಲ. ಗೌಡ್ರು ಬಗ್ಗಿ ಅದರಲ್ಲಿ ನಿಂತ ಮಳೆನೀರನ್ನು ಡಬ್ಬದಿಂದ ತೋಡಿ ಚೆಲ್ಲುತ್ತಿದ್ದರು.

"ಸೊಳ್ಳೆ ಮೊಟ್ಟೆ ಇಡ್ತಾವೆ" ಎಂದರು, ನಾನು ನಿನ್ನೆ ತಾನೇ ಸಿಕ್ಕಿದ್ದವನೆಂಬ ಹಾಗೆ.

ನಾನು ಕೂತೆ. ಕೂತು ಅತ್ತೆ. ಕ್ಷಮಿಸಿ ಎಂದೆನೋ ಏನೋ. ಅವರಿಗೆ ಸಿಟ್ಟು ಬಂತು.

"ಎಂತದು ಅಳೋದು? ನೀ ಹೆದರ್ದೆ. ಹೆದರೋನು ಹೆದರ್ತಾನೆ, ಅದ್ರಲ್ಲೆಂತ ಉಂಟು? ಗೊತ್ತಿದ್ದೂ ಗೊತ್ತಿದ್ದೂ ಹೆದರಿದವನ ಮಾತು ಕೇಳಿ ದೋಣಿ ಆರಿಸಿದ್ದು ನಾನು. ಹೊಳೆ ಗೊತ್ತಿದ್ದದ್ದು ನನಗಾ ನಿನಗಾ?"

"ನಿಮಗೆ."

"ಮತ್ತೆ?"

ಹೌದು, ಅವರು ಅದನ್ನು ನಂಬಿದ್ದರು. ನನ್ನನ್ನು ಉಳಿಸಲು ಸುಳ್ಳು ಹೇಳಿದ ದೇವರಂಥ ಮನುಷ್ಯ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವರ ಮಟ್ಟಿಗೆ ಅದು ಸುಳ್ಳೇ ಆಗಿರಲಿಲ್ಲ. ಅಂದು ನಾನು ಮಾಡಿದ್ದೇನು? ಅವರ ಮಾತನ್ನು ಒಪ್ಪಿಕೊಂಡೆ. ಒಪ್ಪಿಕೊಂಡು, ಹಗುರಾಗಿ, ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಮತ್ತೆ ಅವರನ್ನು ನೋಡಲಿಲ್ಲ. ನಿವೃತ್ತರಾಗಿ ಕಳಸಕ್ಕೆ ವಾಪಸ್ ಹೋದರು ಎಂದು ಕೇಳಿದ್ದೆ, ಅಷ್ಟೇ.

ಸುದ್ದಿ ತಿಳಿದ ಮರುದಿನ ಮೊದಲ ಬಸ್ಸು ಹಿಡಿದು ಕಳಸಕ್ಕೆ ಹೋದೆ. ಗೌಡ್ರ ಹೆಂಡತಿ ಬಾಗಿಲಲ್ಲೇ ಗುರುತು ಹಿಡಿದರು, ಕಾಫಿ ಕೊಟ್ಟರು, ಅಳಲಿಲ್ಲ. "ವೈಕುಂಠಕ್ಕೆ ಜನ ಬಂದಿದ್ರು. ಸಂಸೆಯಿಂದ ಯಾರೂ ಬರ್ಲಿಲ್ಲ" ಎಂದಷ್ಟೇ ಹೇಳಿದರು. ಅವರಿಗೆ ದೋಣಿ ಆರಿಸಿದ ದಿನದ ವಿಷಯ ಗೊತ್ತಿದೆಯೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಹೊರಗೆ ಬಂದು ಸಂಸೆಯ ಜೀಪ್ ಹತ್ತಿದೆ.

ಮಂಜಯ್ಯನ ಹೆಂಡತಿ ಅಂಗಳದಲ್ಲಿ ಚಾಪೆಯ ಮೇಲೆ ಕಾಳುಮೆಣಸು ಹರಡುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನಾನು ಯಾರೆಂದು ಹೇಳಿದೆ. ಕೂರಲು ಸ್ಟೂಲು ತಂದಿಟ್ಟಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ತೊಟ್ಟಿಲು, ಮಂಚ, ನಾನು ನೀರಿಗೆ ಬಿದ್ದದ್ದು, ಬರುವುದಿಲ್ಲ ಎಂದದ್ದು, ಜ್ವರದ ಸುಳ್ಳು, ಟೈಪು ಮಾಡಿದ ಹೇಳಿಕೆ. ದೋಣಿ ಆರಿಸಿದ್ದು ನನ್ನ ಭಯ, ಆ ಜಾಗದಲ್ಲಿ ಕೂರಬೇಕಾಗಿದ್ದವನೂ ನಾನೇ, ಗೌಡ್ರು ಬೇಡ ಬೇಡ ಎಂದಿದ್ದರು, ಎಂದೆ.

ಆಕೆ ಮೆಣಸು ಹರಡುವುದನ್ನು ನಿಲ್ಲಿಸಲಿಲ್ಲ. ಚಾಪೆಯ ಕೊನೆಯವರೆಗೂ ಹರಡಿ, ಕೈ ಒರೆಸಿಕೊಂಡು, ನೆಲ ನೋಡುತ್ತ ಮಾತಾಡಿದಳು.

"ಗೌಡ್ರು ವರ್ಷ ವರ್ಷ ಇವ್ರ ತಿಥಿ ದಿನ ಬಂದು ಅಗೋ ಆ ಬೇಲಿ ತಡಮೆ ಹತ್ರ ನಿಲ್ತಿದ್ರು. ಒಳಗೆ ಬರ್ತಿರ್ಲಿಲ್ಲ, ನಾನೂ ಕರೀತಿರ್ಲಿಲ್ಲ. ಒಂದ್ ವರ್ಷ ನನಗೆ ತಡಿಯೋಕಾಗ್ಲಿಲ್ಲ. ದನಕ್ಕೆ ಇಟ್ಟಿದ್ದ ಕಲಗಚ್ಚು ಒಂದ್ ಬಕೆಟ್ ತಗೊಂಡು ಹೋಗಿ ಅವ್ರ ಮೈಮೇಲೆ ಸುರಿದೆ. ಬಿಳಿ ಅಂಗಿ. ಊರೋರೆಲ್ಲ ನೋಡ್ತಿದ್ರು. ಏನಂದ್ರು ಗೊತ್ತುಂಟಾ? 'ಸರಿ ಮಾಡ್ದೆ ತಾಯಿ' ಅಂದ್ರು. ಹಾಗೇ ಬಸ್ಸಿಗೆ ಹೋದ್ರು."

ಆಕೆ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು.

"ನೀವು ಎಲ್ಲಿದ್ರಿ ಆಗ?"

"ಚಿಕ್ಕಮಗಳೂರಲ್ಲಿ" ಎಂದೆ.